ಶೇಕಡಾ ಒಂದು ಎಂದರೆ ಯಾವುದರ ಒಂದು?

ಮೇ ತಿಂಗಳ ಕೊನೆ ಹತ್ತಿರವಾದರೆ ಅಡಿಕೆ ತೋಟದವರ ಬಾಯಲ್ಲಿ ಮೂರೇ ವಿಚಾರ. ಮದ್ದು ಹೊಡೆಯುವವರು ಸಿಕ್ಕಿದರಾ, ಮೈಲುತುತ್ತದ ರೇಟು ಎಲ್ಲಿಗೆ ಹೋಯಿತು, ಈ ಸಲದ ಸುಣ್ಣ ಚೆನ್ನಾಗಿ ಅರಳುತ್ತದಾ. ಶಿರಸಿ, ಸಾಗರ, ತೀರ್ಥಹಳ್ಳಿಯಿಂದ ಹಿಡಿದು ಪುತ್ತೂರು, ಸುಳ್ಯದವರೆಗೆ ಮಳೆಗಾಲ ಶುರುವಾಗುವುದೇ ಈ ಪ್ರಶ್ನೆಗಳಿಂದ. ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಗೊನೆಗಳಿಗೆ ಬೋರ್ಡೋ ದ್ರಾವಣ ಬೀಳಬೇಕು. ತಪ್ಪಿದರೆ ಕೊಳೆರೋಗ; ಹಸಿ ಕಾಯಿಗಳು ಮರದ ಬುಡದಲ್ಲಿ ರಾಶಿ ಬೀಳುತ್ತವೆ.

ದ್ರಾವಣದ ಲೆಕ್ಕ ತೋಟದವರಿಗೆಲ್ಲ ಬಾಯಿಪಾಠ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿಗೆ ಎರಡು ಕಿಲೋ ಮೈಲುತುತ್ತ, ಎರಡು ಕಿಲೋ ಸುಣ್ಣ. ಕರಪತ್ರಗಳಲ್ಲಿ ಇದಕ್ಕೆ ‘ಶೇ. 1ರ ಬೋರ್ಡೋ’ ಎಂದು ಹೆಸರು. ಈ ಒಂದು ಯಾವುದರ ಒಂದು? ಮೈಲುತುತ್ತದ್ದೋ, ತಾಮ್ರದ್ದೋ? ಸುಣ್ಣ ಲೆಕ್ಕಕ್ಕೆ ಬಂತೋ ಇಲ್ಲವೋ? ತೂಕಕ್ಕೆ ತೂಕವೋ, ಅಳತೆಗೆ ತೂಕವೋ?

ದ್ರಾವಣದ ಸಾರತೆ ಎಂದರೆ ಒಂದು ಭಾಗಾಕಾರ. ಮೇಲಿನ ಅಂಕಿ ಯಾವುದರದ್ದು, ಕೆಳಗಿನದು ಯಾವುದರದ್ದು ಎಂದು ತಿಳಿಸದೆ ಬರೀ ಉತ್ತರ ಹೇಳಿದರೆ ಅರ್ಧ ಮಾತು ನುಂಗಿದಂತೆ. ಪಿಯುಸಿಯಲ್ಲಿ ಮೋಲಾರಿಟಿ, ನಾರ್ಮಾಲಿಟಿ ಎಂದು ಉರು ಹೊಡೆದ ಬಹಳ ಮಂದಿಗೆ ಸೂತ್ರಗಳು ಮರೆತುಹೋಗಿವೆ. ಅದರಿಂದ ದೊಡ್ಡ ನಷ್ಟವೇನಿಲ್ಲ. ನಷ್ಟವಾಗುವುದು ಡಬ್ಬಿಯ ಮೇಲಿನ ಶೇಕಡಾವಾರನ್ನು ನೋಡಿ ‘ಯಾವುದರಲ್ಲಿ ಯಾವುದು’ ಎಂದು ಕೇಳದೆ ಅಳೆಯಲು ಹೊರಟಾಗ.

ಈ ನೀಲಿ ಮದ್ದು ಹುಟ್ಟಿದಾಗ ಅದರಲ್ಲಿ ಇಂಥ ಲೆಕ್ಕವೇ ಇರಲಿಲ್ಲ. ಫ್ರಾನ್ಸಿನ ಬೋರ್ಡೋ ಸುತ್ತಲಿನ ದ್ರಾಕ್ಷಿ ತೋಟಗಳಿಗೆ ಅಮೆರಿಕದಿಂದ ಬಂದ ಬೂಜುರೋಗ ಬಡಿದ ಕಾಲ ಅದು. ಸಸ್ಯಶಾಸ್ತ್ರದ ಪ್ರಾಧ್ಯಾಪಕ ಪಿಯರ್ ಮಿಲಾರ್ದೆ 1882ರ ಅಕ್ಟೋಬರಿನಲ್ಲಿ ಸ್ಯಾಂ ಜೂಲಿಯೆನ್ ಎಂಬಲ್ಲಿ ನಡೆದು ಹೋಗುವಾಗ ದಾರಿಬದಿಯ ಸಾಲುಗಳ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದಿರುವುದನ್ನು ಕಂಡರು. ದಾರಿಹೋಕರು ಹಣ್ಣು ಕೀಳದಿರಲಿ ಎಂದು ತೋಟದವರು ಆ ಸಾಲುಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚಿದ್ದರು. ಎಲೆಯ ಮೇಲೆ ನೀಲಿ ಕಲೆ ಕಂಡರೆ ಕೈ ಹಾಕುವವರು ಹೆದರುತ್ತಾರಲ್ಲ! ರಸಾಯನಶಾಸ್ತ್ರಜ್ಞ ಯುಲಿಸ್ ಗಯೋಂ ಜತೆ ಸೇರಿ ಪ್ರಯೋಗ ನಡೆಸಿದ ಮಿಲಾರ್ದೆ, 1885ರಲ್ಲಿ ಕೊಟ್ಟ ಪಾಕ ಹೀಗಿತ್ತು: 100 ಲೀಟರ್ ನೀರಿನಲ್ಲಿ 8 ಕಿಲೋ ಮೈಲುತುತ್ತ, 30 ಲೀಟರ್ ನೀರಿನಲ್ಲಿ 15 ಕಿಲೋ ಸುಟ್ಟ ಸುಣ್ಣ, ಎರಡನ್ನೂ ಸೇರಿಸುವುದು. 130 ಲೀಟರಿಗೆ 8 ಕಿಲೋ ಎಂದರೆ ಶೇ. 6ಕ್ಕೂ ಮೇಲೆ. ಸಿಂಪಡಿಸುವ ದ್ರಾವಣಕ್ಕಿಂತ ಗೋಡೆಗೆ ಬಳಿಯುವ ಗಂಜಿಯೇ ಹೆಚ್ಚು. ಇಷ್ಟು ಕಡಕ್ ಬೇಕಿಲ್ಲ ಎಂದು ಮುಂದಿನ ವರ್ಷಗಳಲ್ಲಿ ಇಳಿಸುತ್ತ ಬಂದರು.

ನಮ್ಮಲ್ಲಿಗೆ ಇದನ್ನು ತಂದದ್ದು ಕೆನಡಾದವರಾದ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಅವರು ಮಲೆನಾಡಿನ ಕೊಳೆರೋಗದ ಬೆನ್ನು ಹತ್ತಿ, 1910ರಲ್ಲಿ ಆ ಬಗ್ಗೆ ವರದಿ ಪ್ರಕಟಿಸಿದರು. ಅಲ್ಲಿಯವರೆಗೆ ಗೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ನೋಡಿಕೊಳ್ಳುವುದೇ ಇದ್ದ ಉಪಾಯ. ಅದು ತಪ್ಪು ಉಪಾಯವೇನೂ ಆಗಿರಲಿಲ್ಲ. ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಯ ಬೀಜಾಣುಗಳು ಕಾಯಿಯ ಮೇಲಿನ ನೀರಿನ ಪೊರೆಯಲ್ಲಿ ಈಜಿ ಹೋಗಿಯೇ ಒಳಗೆ ನುಗ್ಗುವುದು. ನೀರು ತಾಗದಿದ್ದರೆ ರೋಗವೂ ಇಲ್ಲ. ಆದರೆ ಮರ ಮರ ಹತ್ತಿ ಗೊನೆ ಗೊನೆಗೆ ಕೊಟ್ಟೆ ಕಟ್ಟುವ ಕೂಲಿ ಯಾರಿಗೆ ಗಿಟ್ಟೀತು?

ಒಂದು ಡ್ರಮ್ಮು, ಐದು ಅಂಕಿ

ಈಗ ಡ್ರಮ್ಮಿಗೆ ಬರೋಣ. ಎರಡು ಕಿಲೋ ಎಂದರೆ 2000 ಗ್ರಾಂ. 200 ಲೀಟರಿಗೆ ಹಂಚಿದರೆ ಲೀಟರಿಗೆ 10 ಗ್ರಾಂ, 100 ಮಿಲಿ ಲೀಟರಿಗೆ 1 ಗ್ರಾಂ. ಕರಪತ್ರದ ‘ಶೇ. 1’ ಇದೇ. ಮೇಲೆ ಮೈಲುತುತ್ತದ ತೂಕ, ಕೆಳಗೆ ದ್ರಾವಣದ ಅಳತೆ. ಸುಣ್ಣ ಇದರಲ್ಲಿ ಬರುವುದಿಲ್ಲ.

ಆದರೆ ಅಂಗಡಿಯಿಂದ ತಂದ ನೀಲಿ ಹರಳು ಪೂರ್ತಿ ತಾಮ್ರದ ಸಲ್ಫೇಟ್ ಅಲ್ಲ. ಕಾಪರ್ ಸಲ್ಫೇಟಿನ ಒಂದೊಂದು ಘಟಕವೂ ಐದೈದು ನೀರಿನ ಅಣುಗಳನ್ನು ತನ್ನೊಳಗೆ ಕೂರಿಸಿಕೊಂಡೇ ಹರಳುಗಟ್ಟುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಒಂದು ಚಿಟಿಕೆ ಮೈಲುತುತ್ತವನ್ನು ಗಾಜಿನ ನಳಿಗೆಯಲ್ಲಿ ಕಾಯಿಸಿದ್ದು ನೆನಪಿರಬಹುದು. ನೀಲಿ ಮಾಯವಾಗಿ ಬೂದಿಯಂಥ ಬಿಳಿ ಪುಡಿ ಉಳಿಯುತ್ತದೆ, ನಳಿಗೆಯ ಮೇಲ್ಭಾಗದಲ್ಲಿ ನೀರಿನ ಹನಿ ಕೂರುತ್ತದೆ. ಆ ಪುಡಿಗೆ ತೊಟ್ಟು ನೀರು ಬಿಟ್ಟರೆ ಮತ್ತೆ ನೀಲಿ. ಹರಳಿನ ಅಣುತೂಕ 249.7, ಅದರಲ್ಲಿ ನೀರಿನದೇ 90. ಅಂದರೆ ಕಿಲೋ ಮೈಲುತುತ್ತ ಕೊಂಡವರು 360 ಗ್ರಾಂ ನೀರಿಗೂ ದುಡ್ಡು ಕೊಟ್ಟಿದ್ದಾರೆ! ನೀರನ್ನು ಕಳೆದು ಬರೀ ಕಾಪರ್ ಸಲ್ಫೇಟಿನ ಲೆಕ್ಕ ಹಿಡಿದರೆ ಅದೇ ಡ್ರಮ್ಮು ಶೇ. 0.64 ಆಗುತ್ತದೆ.

ಬೀಜಾಣುವನ್ನು ಕೊಲ್ಲುವುದು ಸಲ್ಫೇಟೂ ಅಲ್ಲ, ತಾಮ್ರ. ತಾಮ್ರದ ಪರಮಾಣು ತೂಕ 63.5, ಹರಳಿನ ತೂಕದಲ್ಲಿ ಅದರ ಪಾಲು ನಾಲ್ಕರಲ್ಲಿ ಒಂದಕ್ಕಿಂತ ಕೂದಲೆಳೆ ಹೆಚ್ಚು. ಲೀಟರಿಗೆ 10 ಗ್ರಾಂ ಮೈಲುತುತ್ತ ಎಂದರೆ 2.54 ಗ್ರಾಂ ತಾಮ್ರ, ಅಂದರೆ ಶೇ. 0.25. ಇದನ್ನೇ ಮಿಲಿಗ್ರಾಂನಲ್ಲಿ ಹೇಳಿದರೆ ಲೀಟರಿಗೆ 2540. ಲೀಟರ್ ನೀರು ಕಿಲೋ ತೂಗುತ್ತದೆ, ಕಿಲೋದಲ್ಲಿ ಹತ್ತು ಲಕ್ಷ ಮಿಲಿಗ್ರಾಂ. ಹಾಗಾಗಿ 2540 ಪಿಪಿಎಂ ಎಂದರೂ ಅದೇ. ಇನ್ನು ರಸಾಯನಶಾಸ್ತ್ರಜ್ಞರು 10ನ್ನು 249.7ರಿಂದ ಭಾಗಿಸಿ 0.04 ಮೋಲಾರ್ ಎನ್ನುತ್ತಾರೆ.

ಶೇ. 1, ಶೇ. 0.64, ಶೇ. 0.25, 2540 ಪಿಪಿಎಂ, 0.04 ಮೋಲಾರ್. ಐದೂ ನಿಜ, ಐದೂ ಅದೇ ಡ್ರಮ್ಮಿನವು. ಈ ಗೊಂದಲ ಪುಸ್ತಕದಲ್ಲಷ್ಟೇ ಉಳಿಯುವಂಥದ್ದಲ್ಲ. ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ಲೀಟರಿಗೆ 3 ಗ್ರಾಂ ಹಾಕಿ ಎನ್ನುವುದುಂಟು, ಅಂದರೆ ಶೇ. 0.3. ‘ಬೋರ್ಡೋ ಶೇ. 1, ಇದು ಶೇ. 0.3, ಮೂರರಲ್ಲಿ ಒಂದು ಪಾಲೂ ಪವರ್ ಇಲ್ಲ’ ಎಂದು ಯಾರಾದರೂ ಹೇಳಿದರೆ ತಕ್ಷಣ ತಲೆಯಾಡಿಸಬೇಡಿ. ಪೊಟ್ಟಣದ ಮೇಲೆ ‘50 ಡಬ್ಲ್ಯುಪಿ’ ಎಂದಿದ್ದರೆ ಅದರಲ್ಲಿ ಅರ್ಧಕ್ಕೆ ಅರ್ಧ ತಾಮ್ರ; ಲೀಟರಿಗೆ 1.5 ಗ್ರಾಂ, 1500 ಪಿಪಿಎಂ. ತಾಮ್ರಕ್ಕೆ ತಾಮ್ರ ಹೋಲಿಸಿದರೆ ಬೋರ್ಡೋ ಇದಕ್ಕಿಂತ ಒಂದೂ ಮುಕ್ಕಾಲು ಪಟ್ಟೂ ಹೆಚ್ಚಿಲ್ಲ. ಗೊನೆಗೆ ಅಂಟಿಕೊಂಡು ಮಳೆ ತಡೆಯುವುದರಲ್ಲಿ ಯಾವುದು ಮೇಲು ಎಂಬುದು ಬೇರೆ ಚರ್ಚೆ, ಅಲ್ಲಿ ಬೋರ್ಡೋ ಗೆಲ್ಲುತ್ತದೆ.

ಕೀಟನಾಶಕದ ಬಾಟಲಿಗಳದ್ದೂ ಇದೇ ಕತೆ. ‘25 ಇಸಿ’ ಎಂಬ ಬಾಟಲಿಯಲ್ಲಿ ಮುಖ್ಯ ಮದ್ದು ನೂರಕ್ಕೆ ಇಪ್ಪತ್ತೈದು ಮಾತ್ರ. ಹಳೆಯ ಕೈಪಿಡಿಯಲ್ಲಿ ‘ಶೇ. 0.05’ ಎಂದಿದ್ದರೆ ಅದು ಮುಖ್ಯ ಮದ್ದಿನ ಲೆಕ್ಕ. 100 ಲೀಟರಿಗೆ ಎಷ್ಟು ಬೇಕು? ಬೇಕಾದ ಸಾರತೆಯನ್ನು ಬೇಕಾದ ಪ್ರಮಾಣದಿಂದ ಗುಣಿಸಿ ಬಾಟಲಿಯ ಅಂಕಿಯಿಂದ ಭಾಗಿಸಿ. 0.05 ಗುಣಿಸು 100, ಭಾಗಿಸು 25: 0.2 ಲೀಟರ್, ಅಂದರೆ 200 ಮಿಲಿ. ಬಾಟಲಿಯಲ್ಲಿರುವುದೆಲ್ಲ ಮದ್ದೇ ಎಂದು 50 ಮಿಲಿ ಹಾಕಿದರೆ ಹುಳಕ್ಕೆ ಏನೂ ಆಗುವುದಿಲ್ಲ.

ಸುಣ್ಣ ಎಷ್ಟು ಬೇಕು?

ತೂಕ, ಅಳತೆಗಳ ಲೆಕ್ಕ ಇರುವಾಗ ಈ ಮೋಲ್ ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಉತ್ತರ ಸುಣ್ಣದ ಬಕೆಟ್ಟಿನಲ್ಲಿದೆ. ಪರಮಾಣುಗಳಿಗೆ ಗ್ರಾಂ, ಕಿಲೋ ಗೊತ್ತಿಲ್ಲ. ಅವು ಕೂಡುವುದು ತಲೆ ಎಣಿಕೆಯ ಮೇಲೆ. ಒಂದು ಪಾಲು ತಾಮ್ರದ ಸಲ್ಫೇಟಿಗೆ ಹೆಚ್ಚೆಂದರೆ ಒಂದು ಪಾಲು ಅರಳಿದ ಸುಣ್ಣ. ಆ ತಲೆ ಎಣಿಕೆಯನ್ನು ತಕ್ಕಡಿಯಲ್ಲಿ ಮಾಡುವ ಉಪಾಯವೇ ಮೋಲ್. ಅಣುತೂಕದಷ್ಟು ಗ್ರಾಂ ತೂಗಿಕೊಂಡರೆ ಯಾವ ವಸ್ತುವಾದರೂ ಒಂದು ಮೋಲ್. ಎಲ್ಲದರಲ್ಲೂ ಕಣಗಳ ಸಂಖ್ಯೆ ಒಂದೇ.

ಕಿಲೋ ಮೈಲುತುತ್ತ ಎಂದರೆ 1000ವನ್ನು 249.7ರಿಂದ ಭಾಗಿಸಿ, ಸುಮಾರು 4 ಮೋಲ್. ಅದಕ್ಕೆ 4 ಮೋಲ್ ಸುಣ್ಣ ಸಾಕು. ಅರಳಿದ ಸುಣ್ಣದ ಅಣುತೂಕ 74, ಹಾಗಾಗಿ 296 ಗ್ರಾಂ. ಅರಳಿಸದ ಸುಟ್ಟ ಸುಣ್ಣವಾದರೆ ಅಣುತೂಕ 56, ಆಗ 224 ಗ್ರಾಂ. ಕಾಗದದ ಮೇಲೆ ಕಾಲು ಕಿಲೋ ಸುಣ್ಣದಲ್ಲಿ ಮುಗಿಯುವ ಕೆಲಸಕ್ಕೆ ಶಿಫಾರಸು ಯಾಕೆ ಒಂದು ಕಿಲೋ ಎನ್ನುತ್ತದೆ?

ಚೀಲದಲ್ಲಿ ಬಂದದ್ದು ಪುಸ್ತಕದ ಸುಣ್ಣವಲ್ಲವಲ್ಲ! ಗೂಡಿನಲ್ಲಿ ಸರಿಯಾಗಿ ಬೇಯದ ಕಲ್ಲು, ಮರಳು, ಮಣ್ಣು ಅದರಲ್ಲಿ ಸೇರಿರುತ್ತವೆ. ಇನ್ನೂ ದೊಡ್ಡ ಕಳ್ಳ ಗಾಳಿ. ಬಾಯಿ ಬಿಚ್ಚಿಟ್ಟ ಚೀಲದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನಕ್ಕೆ ಸೀಮೆಸುಣ್ಣವಾಗುತ್ತದೆ. ತೂಕ ಕಡಿಮೆಯಾಗುವುದಿಲ್ಲ, ಬದಲಿಗೆ ಹೆಚ್ಚುತ್ತದೆ; ಆದರೆ ಮೈಲುತುತ್ತದ ಹುಳಿಯನ್ನು ಚುರುಕಾಗಿ ಮುರಿಯುವ ಶಕ್ತಿ ಹೋಗಿರುತ್ತದೆ. ಹೋದ ವರ್ಷದ ಸುಣ್ಣದಲ್ಲಿ ಎಷ್ಟು ಜೀವ ಉಳಿದಿದೆ ಎಂದು ತಕ್ಕಡಿ ಹೇಳಲಾರದು. ಹೀಗಾಗಿ ಧಾರಾಳವಾಗಿ ಒಂದು ಕಿಲೋ. ಹೆಚ್ಚಾದ ಸುಣ್ಣದಿಂದ ಗೊನೆಗೆ ಕೇಡಿಲ್ಲ. ಸುಣ್ಣ ಕಡಿಮೆ ಬಿದ್ದು ಬಿಡಿ ತಾಮ್ರ ಉಳಿದರೆ ಮಾತ್ರ ಎಳೆ ಕಾಯಿ, ಸಿಂಗಾರ ಸುಟ್ಟುಹೋಗುತ್ತವೆ.

ಉಳಿದಿದೆಯೋ ಇಲ್ಲವೋ ಎಂದು ನೋಡಲು ತೋಟದಲ್ಲಿ ಇರುವ ಪರೀಕ್ಷೆ ನನಗೆ ತುಂಬ ಇಷ್ಟ. ತುಕ್ಕಿಲ್ಲದ, ಉಜ್ಜಿ ತೊಳೆದ ಕಬ್ಬಿಣದ ಚಾಕುವನ್ನು ಬೆರೆಸಿದ ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗು ಇದ್ದಂತೆಯೇ ಇದ್ದರೆ ಮದ್ದು ಹೊಡೆಯಬಹುದು. ಕೆಂಪು ಛಾಯೆ ಕೂತಿದ್ದರೆ ಬಿಡಿ ತಾಮ್ರ ಇದೆ. ಇನ್ನಷ್ಟು ಸುಣ್ಣದ ಹಾಲು ಬೀಳಬೇಕು. ನೀರಿನಲ್ಲಿ ಕರಗಿದ ತಾಮ್ರ ಕಬ್ಬಿಣದ ಮೇಲೆ ಲೋಹವಾಗಿ ಕೂತು, ಅಷ್ಟೇ ಕಬ್ಬಿಣವನ್ನು ನೀರಿಗೆ ಇಳಿಸುತ್ತದೆ. ಈ ಬಣ್ಣ ಎರಡು ಕಿಲೋ ಮೈಲುತುತ್ತ ಹಾಕಿದ್ದಕ್ಕೆ ಸಾಕ್ಷಿಯಲ್ಲ, ಸುಣ್ಣದ ಕೈಗೆ ಸಿಗದೆ ಉಳಿದದ್ದಕ್ಕೆ ಸಾಕ್ಷಿ. ಪ್ರಯೋಗಾಲಯದಲ್ಲಿ ಬ್ಯೂರೆಟ್ಟಿನಿಂದ ಹನಿ ಹನಿ ಬಿಟ್ಟು ಬಣ್ಣ ತಿರುಗುವ ಗಳಿಗೆಗೆ ಕಾಯುತ್ತಾರಲ್ಲ, ಅದೇ ಟೈಟ್ರೇಷನ್ನು ಇಲ್ಲಿ ಬಕೆಟ್ಟು, ಚಾಕುಗಳಲ್ಲಿ ನಡೆಯುತ್ತದೆ. ತಾಮ್ರ ಹೀಗೆ ಕಬ್ಬಿಣಕ್ಕೆ ಹತ್ತಿಕೊಳ್ಳುವುದರಿಂದಲೇ ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು.

ಬೆರೆಸುವ ರೀತಿಯಲ್ಲೂ ಸಾರತೆಯ ಲೆಕ್ಕ ಅಡಗಿದೆ. 50 ಲೀಟರಿನಲ್ಲಿ ಒಂದು ಕಿಲೋ ಮೈಲುತುತ್ತ ಕರಗಿಸಿದಾಗ ಅದು ಶೇ. 2, ಇನ್ನೊಂದು 50 ಲೀಟರಿನಲ್ಲಿ ಸುಣ್ಣದ ಹಾಲು. ಎರಡೂ ಕೂಡಿದಾಗ ಒಟ್ಟು 100 ಲೀಟರ್, ಆಗ ಶೇ. 1. ಎರಡನ್ನೂ ಗಟ್ಟಿಯಾಗಿ ಕಲಸಿ ಆಮೇಲೆ ನೀರು ಸುರಿದರೂ ಅಂಕಿ ಅದೇ ಬರುತ್ತದೆ, ಮದ್ದು ಮಾತ್ರ ಅದೇ ಅಲ್ಲ. ತೆಳುವಾಗಿದ್ದಾಗ ಕೂಡಿದರೆ ನೀಲಿ ಒತ್ತರ ನುಣ್ಣಗೆ, ಲೋಳೆಯಂತೆ ಬರುತ್ತದೆ, ಕಾಯಿಗೆ ಹತ್ತಿಕೊಳ್ಳುತ್ತದೆ. ಗಟ್ಟಿಯಾಗಿದ್ದಾಗ ಕೂಡಿದರೆ ದೊರಗು ಕಣ, ತಳಕ್ಕೆ ಕೂರುತ್ತದೆ. ದಿನ ಕಳೆದರೂ ಅಷ್ಟೇ, ಕಣಗಳು ಬೆಳೆದು ಅಂಟುವ ಗುಣ ಹೋಗುತ್ತದೆ. ಹಾಗಾಗಿ ಅಂದಿನದು ಅಂದೇ ಮುಗಿಯಬೇಕು. ಹೀಗೆ ನೋಡಿದರೆ ಬೋರ್ಡೋ ದ್ರಾವಣ ಎಂಬ ಹೆಸರಿನಲ್ಲೇ ಸಣ್ಣ ಸುಳ್ಳಿದೆ. ತಾಮ್ರ ಅದರಲ್ಲಿ ಕರಗಿರುವುದಿಲ್ಲ, ತೇಲುತ್ತಿರುತ್ತದೆ. ಕೈ ಆಡಿಸುವುದನ್ನು ನಿಲ್ಲಿಸಿದರೆ ಡ್ರಮ್ಮಿನ ತಳದಲ್ಲಿ ಶೇ. 1ಕ್ಕಿಂತ ಹೆಚ್ಚು, ಮೇಲೆ ಬರೀ ನೀರು!

ನೀರು ಸೇರಿಸುವ ಲೆಕ್ಕ

ಅಡಿಕೆಯ ಜತೆ ರಬ್ಬರೂ ಇರುವ ಸುಳ್ಯ, ಬೆಳ್ತಂಗಡಿ ಕಡೆಯವರಿಗೆ ಬೆಳಿಗ್ಗೆ ಎದ್ದರೆ ಇನ್ನೊಂದು ಲೆಕ್ಕ ಕಾದಿರುತ್ತದೆ. ಮರದಿಂದ ಇಳಿದ ಹಾಲಿನಲ್ಲಿ ಒಣ ರಬ್ಬರಿನ ಅಂಶ ನೂರಕ್ಕೆ ಮೂವತ್ತು-ಮೂವತ್ತೈದು ಇರುತ್ತದೆ. ಶೀಟು ಒಂದೇ ದಪ್ಪ ಬರಬೇಕಾದರೆ ಅದನ್ನು ಶೇ. 12.5ಕ್ಕೆ ಇಳಿಸಬೇಕು, ನಾಲ್ಕು ಲೀಟರಿನಲ್ಲಿ ಅರ್ಧ ಕಿಲೋ ರಬ್ಬರು ಎಂಬುದು ಇದೇ. ಹಾಲಿನಲ್ಲಿ ತೇಲಿ ಅಂಕಿ ತೋರಿಸುವ ಮೆಟ್ರೊಲ್ಯಾಕ್ ಶೇ. 35 ಎಂದಿತು ಎನ್ನಿ. 10 ಲೀಟರ್ ಹಾಲಿಗೆ ಎಷ್ಟು ನೀರು?

ನೀರು ಹಾಕಿದರೆ ರಬ್ಬರು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಇಷ್ಟು ಹಿಡಿದುಕೊಂಡರೆ ಸೂತ್ರ ತಾನೇ ಹುಟ್ಟುತ್ತದೆ. ಮೊದಲಿನ ಸಾರತೆ ಗುಣಿಸು ಮೊದಲಿನ ಪ್ರಮಾಣ, ನಂತರದ ಸಾರತೆ ಗುಣಿಸು ನಂತರದ ಪ್ರಮಾಣ, ಎರಡೂ ಸಮ. 35 ಗುಣಿಸು 10 ಎಂದರೆ 350, ಅದನ್ನು 12.5ರಿಂದ ಭಾಗಿಸಿದರೆ 28. ಇಲ್ಲಿ ಕಾಲು ಜಾರುವವರೇ ಹೆಚ್ಚು. 28 ಲೀಟರ್ ಎಂಬುದು ಒಟ್ಟು ಆಗಬೇಕಾದ ಪ್ರಮಾಣ, ಸೇರಿಸಬೇಕಾದ ನೀರಲ್ಲ. ಸೇರಿಸಬೇಕಾದದ್ದು 18 ಲೀಟರ್. 28 ಲೀಟರ್ ನೀರು ಸುರಿದರೆ ಒಟ್ಟು 38 ಆಗಿ ಸಾರತೆ ಶೇ. 9.2ಕ್ಕೆ ಇಳಿಯುತ್ತದೆ, ಶೀಟು ತೆಳ್ಳಗಾಗುತ್ತದೆ.

ಹಾಲು ಹೆಪ್ಪುಗಟ್ಟಲು ಹಾಕುವ ಫಾರ್ಮಿಕ್ ಆಸಿಡ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕ್ಯಾನಿನ ಮೇಲೆ ಶೇ. 85 ಎಂದಿರುತ್ತದೆ. ಶೇ. 1ರ ದ್ರಾವಣ 10 ಲೀಟರ್ ಬೇಕು. 85 ಪಟ್ಟು ತೆಳು ಮಾಡಿದರಾಯಿತು ಎಂದು 10,000 ಮಿಲಿಯನ್ನು 85ರಿಂದ ಭಾಗಿಸಿ 118 ಮಿಲಿ ಅಳೆಯುತ್ತೇವೆ. ಕ್ಯಾನಿನ 85 ತೂಕದ ಲೆಕ್ಕ, 100 ಗ್ರಾಂ ದ್ರವದಲ್ಲಿ 85 ಗ್ರಾಂ. ಆ ದ್ರವವೋ ನೀರಿಗಿಂತ ಭಾರ. ಲೀಟರಿಗೆ ಸುಮಾರು 1.2 ಕಿಲೋ ತೂಗುತ್ತದೆ. ಹಾಗಾಗಿ ಒಂದು ಲೀಟರಿನಲ್ಲಿ ಇರುವುದು 850 ಗ್ರಾಂ ಅಲ್ಲ, 1020 ಗ್ರಾಂ ಆಸಿಡ್. ನಮಗೆ ಬೇಕಾದ 100 ಗ್ರಾಂಗೆ 98 ಮಿಲಿ ಸಾಕು. 118 ಹಾಕಿದರೆ ನೂರಕ್ಕೆ ಇಪ್ಪತ್ತು ಹೆಚ್ಚು. ರಬ್ಬರಿಗೆ ಇದರಿಂದ ಪ್ರಳಯವೇನೂ ಆಗದು, ಆದರೆ ಗಂಧಕಾಮ್ಲದಂಥ ಕಡೆ ಈ ವ್ಯತ್ಯಾಸ ಮೈಮೇಲೆ ಬರುತ್ತದೆ. ಶೇ. 98ರ ಗಂಧಕಾಮ್ಲ ಲೀಟರಿಗೆ 1.84 ಕಿಲೋ ತೂಗುತ್ತದೆ. ತೂಕದ ಶೇಕಡಾವಾರನ್ನು ಅಳತೆಯದೆಂದು ಹಿಡಿದರೆ ಲೆಕ್ಕ ಹತ್ತಿರ ಹತ್ತಿರ ಇಮ್ಮಡಿ ತಪ್ಪುತ್ತದೆ. ಅಂದಹಾಗೆ ಯಾವ ಆಸಿಡ್ ಆದರೂ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ.

ಬೋರ್ಡೋದಂಥ ತೆಳು ದ್ರಾವಣದಲ್ಲಿ ‘100 ಲೀಟರ್ ನೀರಿಗೆ ಒಂದು ಕಿಲೋ’ ಎಂದರೂ ‘ಒಟ್ಟು 100 ಲೀಟರ್ ಆಗುವಂತೆ’ ಎಂದರೂ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ. ಮಳೆಗಾಲದಲ್ಲಿ ಜೇನಿಗೆ ಕೊಡುವ ಸಕ್ಕರೆ ಪಾಕದಲ್ಲಿ ಹಾಗಲ್ಲ. ಕಿಲೋ ಸಕ್ಕರೆಯನ್ನು ಲೀಟರ್ ನೀರಿನಲ್ಲಿ ಕರಗಿಸಿದರೆ ಸಿಗುವುದು ಒಂದು ಲೀಟರೂ ಅಲ್ಲ, ಎರಡೂ ಅಲ್ಲ, ಸುಮಾರು 1.6 ಲೀಟರ್. ತೂಕಕ್ಕೆ ತೂಕ ಹಿಡಿದರೆ ಪಾಕ ಶೇ. 50, ಅಳತೆಗೆ ತೂಕ ಹಿಡಿದರೆ ಶೇ. 61. ಜೇನುಹುಳಕ್ಕೆ ಎರಡೂ ಒಂದೇ.

ಬಾವಿಗೆ ಹಾಕಿದ್ದು, ಬಾವಿಯಲ್ಲಿ ಉಳಿದದ್ದು

ಮಳೆ ಜೋರಾಗಿ ಬಾವಿಗೆ ಕೆಂಪು ನೀರು ಇಳಿದ ಮೇಲೆ ಆರೋಗ್ಯ ಕಾರ್ಯಕರ್ತೆಯರು ಬ್ಲೀಚಿಂಗ್ ಪೌಡರಿನ ಪೊಟ್ಟಣ ಹಿಡಿದು ಮನೆ ಮನೆಗೆ ಬರುತ್ತಾರೆ. ಎಷ್ಟು ಹಾಕಬೇಕು? ಮೂರು ಮೀಟರ್ ಅಗಲದ ದುಂಡು ಬಾವಿ, ನಾಲ್ಕು ಮೀಟರ್ ನೀರು. ಅಗಲದ ವರ್ಗ 9, ಅದನ್ನು 3.14ರಿಂದ ಗುಣಿಸಿ 4ರಿಂದ ಭಾಗಿಸಿ, ಆಳದಿಂದ ಗುಣಿಸಿದರೆ 28.26 ಘನ ಮೀಟರ್, ಅಂದರೆ ಸುಮಾರು 28,000 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಎಂಬುದು ರೂಢಿಯ ಅಂದಾಜು. 70 ಗ್ರಾಂ ಸಾಕು ಎಂದಾಯಿತು. ಪುಡಿಯಲ್ಲಿ ಕ್ಲೋರಿನ್ ಶೇ. 30 ಎಂದು ಹಿಡಿದರೆ ಲೀಟರ್ ನೀರಿಗೆ 0.75 ಮಿಲಿಗ್ರಾಂ ಕ್ಲೋರಿನ್ ಬೀಳುತ್ತದೆ.

ಈ ಲೆಕ್ಕದಲ್ಲಿ ಎರಡು ಕಡೆ ತೂತಿದೆ. ಒಂದು, ಪುಡಿ. ಮುಚ್ಚಳ ಸಡಿಲವಾಗಿದ್ದ ಡಬ್ಬದಲ್ಲಿ, ತೇವದ ಹವೆಯಲ್ಲಿ ಬ್ಲೀಚಿಂಗ್ ಪೌಡರ್ ತನ್ನ ಕ್ಲೋರಿನ್ನನ್ನು ದಿನದಿನಕ್ಕೂ ಕಳೆದುಕೊಳ್ಳುತ್ತದೆ. ಅದು ಶೇ. 20ಕ್ಕೆ ಇಳಿದಿದ್ದರೆ 70 ಗ್ರಾಂ ಬದಲು 105 ಗ್ರಾಂ ಬೇಕು. ಎರಡನೆಯದು, ನೀರು. ಬಾವಿಯಲ್ಲಿ ಕೊಳೆತ ಎಲೆ, ಮಣ್ಣು, ಕಬ್ಬಿಣದ ಅಂಶ ಏನೇ ಇರಲಿ, ರೋಗಾಣುಗಳಿಗಿಂತ ಮೊದಲು ಅವು ಕ್ಲೋರಿನ್ನನ್ನು ತಿಂದು ಮುಗಿಸುತ್ತವೆ. ಹಾಕಿದ್ದು 0.75 ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬಹುದು; ಗಂಟೆ ಬಿಟ್ಟು ನೋಡಿದರೆ ನೀರಿನಲ್ಲಿ ಸೊನ್ನೆ ಇರಬಹುದು. ಆದ್ದರಿಂದ ಆರೋಗ್ಯದವರ ನಿಯಮ ಉಳಿದದ್ದನ್ನು ಕೇಳುತ್ತದೆ, ಹಾಕಿದ್ದನ್ನಲ್ಲ. ಒಂದು ಗಂಟೆಯ ನಂತರ ಲೀಟರಿಗೆ ಕನಿಷ್ಠ 0.5 ಮಿಲಿಗ್ರಾಂ ಬಿಡಿ ಕ್ಲೋರಿನ್ ಇರಬೇಕು.

ಈ ತೊಡಕನ್ನು ಸೂತ್ರವಿಲ್ಲದೆ ಬಿಡಿಸಿದವರು ಬ್ರಿಟಿಷ್ ಸೇನೆಯ ವೈದ್ಯ ವಿಲಿಯಂ ಹಾರಕ್ಸ್. ಅವರ ಹೆಸರಿನ ಪೆಟ್ಟಿಗೆ ನಮ್ಮ ವೈದ್ಯಕೀಯ ವಿದ್ಯಾರ್ಥಿಗಳಿಗೆ ಇಂದಿಗೂ ಪಾಠ. ಅದರಲ್ಲಿ ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು, 2 ಗ್ರಾಂ ಹಿಡಿಯುವ ಚಮಚ. ಒಂದು ಚಮಚ ಪುಡಿಯನ್ನು ಕಪ್ಪು ಬಟ್ಟಲಿನಲ್ಲಿ ಕಲಸಿಡುತ್ತಾರೆ. ಬಿಳಿ ಬಟ್ಟಲುಗಳಿಗೆ ಬಾವಿಯ ನೀರು ತುಂಬಿ ಮೊದಲನೆಯದಕ್ಕೆ ಕಪ್ಪು ಬಟ್ಟಲಿನ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರನೆಯದಕ್ಕೆ ಆರು ಹನಿ ಬಿಡುತ್ತಾರೆ. ಅರ್ಧ ಗಂಟೆ ಕಾದು ಪಿಷ್ಟ-ಅಯೋಡೈಡಿನ ಸೂಚಕ ಹಾಕಿದರೆ ಕ್ಲೋರಿನ್ ಉಳಿದಿರುವ ಬಟ್ಟಲುಗಳು ನೀಲಿಯಾಗುತ್ತವೆ. ಸ್ಪಷ್ಟವಾಗಿ ನೀಲಿಯಾದ ಮೊದಲ ಬಟ್ಟಲು ಎಷ್ಟನೆಯದೋ ಅಷ್ಟು ಚಮಚ ಪುಡಿ, 455 ಲೀಟರ್ ನೀರಿಗೆ. 455 ಎಂಬ ವಿಚಿತ್ರ ಅಂಕಿ ಬಂದದ್ದು ನೂರು ಗ್ಯಾಲನ್ನಿನಿಂದ.

ಮೂರನೆಯ ಬಟ್ಟಲು ನೀಲಿಯಾಯಿತು ಎನ್ನಿ. 455 ಲೀಟರಿಗೆ 6 ಗ್ರಾಂ. ನಮ್ಮ 28,000 ಲೀಟರಿನ ಬಾವಿಗೆ ಇದು ಸುಮಾರು 370 ಗ್ರಾಂ ಆಗುತ್ತದೆ. ರೂಢಿಯ ಅಂದಾಜು ಹೇಳಿದ್ದು 70 ಗ್ರಾಂ. ಐದು ಪಟ್ಟಿನ ಈ ಅಂತರದಲ್ಲಿ ಗುಣಾಕಾರದ ತಪ್ಪೇನೂ ಇಲ್ಲ. ತಿಳಿ ನೀರಿಗೆಂದು ಇದ್ದ ಅಂದಾಜನ್ನು ಕೆಂಪು ನೀರಿಗೆ ಹಚ್ಚಿದ್ದಷ್ಟೇ. ಹಳ್ಳಿಗಳಲ್ಲಿ ಪೌಡರ್ ಹಾಕಿದ ಮೇಲೂ ಭೇದಿ ನಿಲ್ಲಲಿಲ್ಲ ಎಂಬ ದೂರು ಕೇಳಿದಾಗ ನಾನು ಮೊದಲು ಕೇಳಬಯಸುವುದು ಗಂಟೆ ಬಿಟ್ಟು ಯಾರಾದರೂ ನೀರು ನೋಡಿದರಾ ಎಂದು.

ಮಣ್ಣಿಗಿಳಿದ ತಾಮ್ರ

ಗೊನೆಗೆ ಹೊಡೆದ ತಾಮ್ರ ಕೊನೆಗೆ ಎಲ್ಲಿ ಹೋಗುತ್ತದೆ? ಕ್ಲೋರಿನ್ನಿನಂತೆ ಆರಿಹೋಗುವುದಿಲ್ಲ, ಕೀಟನಾಶಕದಂತೆ ಒಡೆದು ಚೂರಾಗುವುದೂ ಇಲ್ಲ. ತಾಮ್ರ ತಾಮ್ರವೇ. ಮಳೆಯಲ್ಲಿ ತೊಳೆದು ಇಳಿದದ್ದರಲ್ಲಿ ಬಹುಪಾಲು ಮರದ ಬುಡದ ಮೇಲ್ಮಣ್ಣಿನಲ್ಲಿ ಕೂರುತ್ತದೆ. ಅಲ್ಲಿನ ಸಾರತೆಯನ್ನೂ ಲೆಕ್ಕ ಹಾಕಬಹುದು, ನೀರಿನ ಜಾಗದಲ್ಲಿ ಮಣ್ಣು ಇಟ್ಟರೆ ಸರಿ.

ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣು 1500 ಘನ ಮೀಟರ್. ತೂಕ ಸರಿಸುಮಾರು 2000 ಟನ್, ಅಂದರೆ 20 ಲಕ್ಷ ಕಿಲೋ. ಡ್ರಮ್ಮಿನ ಎರಡು ಕಿಲೋ ಮೈಲುತುತ್ತದಲ್ಲಿ ತಾಮ್ರ 510 ಗ್ರಾಂ. 20 ಲಕ್ಷ ಕಿಲೋ ಮಣ್ಣಿಗೆ ಹಂಚಿದರೆ ಕಾಲು ಪಿಪಿಎಂ. ಹೆಕ್ಟೇರಿಗೆ ವರ್ಷಕ್ಕೆ ಹತ್ತು ಡ್ರಮ್ಮು ಹೋಯಿತು ಎಂದು ಇಟ್ಟುಕೊಳ್ಳಿ: ತಾಮ್ರ 5.1 ಕಿಲೋ, ಮಣ್ಣಿನಲ್ಲಿ ಏರಿಕೆ ಎರಡೂವರೆ ಪಿಪಿಎಂ. ಒಂದು ವರ್ಷಕ್ಕೆ ಏನೂ ಅಲ್ಲ. ಒಂದಿಷ್ಟೂ ಕೊಚ್ಚಿಹೋಗದೆ ಉಳಿದರೆ ನಲವತ್ತು ವರ್ಷಕ್ಕೆ 100 ಪಿಪಿಎಂ. ಈ ಮದ್ದು ಹುಟ್ಟಿದ ಫ್ರಾನ್ಸಿನ ಹಳೆಯ ದ್ರಾಕ್ಷಿ ತೋಟಗಳ ಮಣ್ಣಿನಲ್ಲಿ ತಾಮ್ರ ಹೀಗೇ ನೂರಾರು ಪಿಪಿಎಂ ಏರಿ ಕೂತಿದೆ. ಯುರೋಪಿಯನ್ ಒಕ್ಕೂಟ 2019ರಿಂದ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ ಮೀರಬಾರದು ಎಂದು ಕಟ್ಟು ಹಾಕಿದೆ, ಸರಾಸರಿ ವರ್ಷಕ್ಕೆ 4 ಕಿಲೋ. ನಮ್ಮ ತೋಟಗಳಲ್ಲಿ ಸೊಪ್ಪು, ಗೊಬ್ಬರ, ಹೊಸ ಮಣ್ಣು ಹಾಕುವ ರೂಢಿಯಿದೆ. ಅದರಿಂದ ಸಾರತೆ ಒಂದಿಷ್ಟು ಇಳಿಯುತ್ತದೆ. ಸುರಿಮಳೆ ಒಂದಿಷ್ಟನ್ನು ಹಳ್ಳಕ್ಕೆ ಒಯ್ಯುತ್ತದೆ.

ತೋಟದ ಮಣ್ಣನ್ನು ಪರೀಕ್ಷೆಗೆ ಕೊಟ್ಟವರ ಕೈಯಲ್ಲಿ ಮಣ್ಣು ಆರೋಗ್ಯ ಚೀಟಿ ಇರಬಹುದು. ಅದರಲ್ಲಿ ತಾಮ್ರಕ್ಕೂ ಒಂದು ಸಾಲಿದೆ, ಪಿಪಿಎಂ ಲೆಕ್ಕದಲ್ಲೇ. ಅಲ್ಲಿ 4 ಎಂದೋ 6 ಎಂದೋ ಬರೆದಿರುವುದನ್ನು ನೋಡಿ, ಮೇಲೆ ಹಾಕಿದ ನೂರರ ಲೆಕ್ಕ ಸುಳ್ಳು ಎನ್ನುವ ಮುನ್ನ ಒಂದು ವಿಷಯ ಗಮನಿಸಬೇಕು. ಚೀಟಿಯ ಅಂಕಿ ಮಣ್ಣಿನಲ್ಲಿರುವ ಒಟ್ಟು ತಾಮ್ರದ್ದಲ್ಲ. ಡಿಟಿಪಿಎ ಎಂಬ ರಾಸಾಯನಿಕದ ದ್ರಾವಣದಲ್ಲಿ ಮಣ್ಣನ್ನು ಕುಲುಕಿದಾಗ ಬಿಟ್ಟುಕೊಡುವ, ಬೇರಿಗೆ ಸಿಗಬಹುದಾದಷ್ಟು ತಾಮ್ರದ್ದು. ಅದು 0.2ಕ್ಕಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ. ಒಟ್ಟು ತಾಮ್ರ ಬೇಕೆಂದರೆ ಮಣ್ಣನ್ನು ಪ್ರಬಲ ಆಮ್ಲದಲ್ಲಿ ಕುದಿಸಿ ಬೇರೆಯದೇ ಪರೀಕ್ಷೆ ಮಾಡಿಸಬೇಕು.